ಪಾದ್ರಿಯ ಮಗ ಜಾನ್ ಶಿಪ್ಪೆನ್

ಶಾಲೆಯ ಸಂಚಿಕೆಯಲ್ಲಿ ಶಾಲೆಯನ್ನು ಬಿಟ್ಟುಹೋದ ಹುಡುಗನೊಬ್ಬನ ಚರಿತ್ರೆಯನ್ನು ಬರೆಯುವುದು ಉಚಿತವೇ ಎಂಬ ಸಂದೇಹವು ವಾಚಕರಲ್ಲಿ ಕೆಲವರಿಗೆ, ಮುಖ್ಯವಾಗಿ ತಾಯಿತಂದೆಗಳಿಗೆ, ಬಂದರೆ ಆಶ್ಚರ್ಯವಿಲ್ಲ. ಆದರೆ ಈ ಹುಡುಗನು ನಮ್ಮಲ್ಲಿ ಅನೇಕರಂತೆ ಮಿಶನಿನ ಆವರಣದಲ್ಲಿಯೇ ಬೆಳೆದವನು. ಅವನ ತಂದೆ ಸಭಾಪಾಲಕರಾಗಿದ್ದರು. ಆದಕಾರಣ ಆ ಸಂದೇಹವನ್ನು ಕೊಂಚ ಹೊತ್ತು ಬದಿಗಿಡಬೇಕೆಂದು ಬೇಡುತ್ತೇನೆ.

ಜಾನ್ ಮ್ಯಾಥ್ಯೂ ಶಿಪ್ಪೆನ್ ಹುಟ್ಟಿದ್ದು 1879ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ಪಟ್ಟಣದಲ್ಲಿ. ತಾಯಿತಂದೆಗಳಿಬ್ಬರೂ ಆಫ್ರಿಕ ಮೂಲದ ಕಪ್ಪು ಜನಾಂಗದವರು. ಆ ದೇಶದಲ್ಲಿ ಗುಲಾಮಗಿರಿಯು ಕಾನೂನಿನ ಮೂಲಕ ನಿಂತು ಆಗ ಹದಿನಾಲ್ಕು ವರ್ಷಗಳು ಮಾತ್ರವೇ ಕಳೆದಿದ್ದುವು. ಬಾಲಕನಿಗೆ ಸುಮಾರು ಒಂಬತ್ತು ವರ್ಷವಾದಾಗ ಪ್ರೆಸ್ಬಿಟೇರಿಯನ್ ಸಭೆಯವರು ಅವನ ತಂದೆಯನ್ನು ನ್ಯೂಯಾರ್ಕಿನ ಪೂರ್ವಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಲಾಂಗ್ ಐಲೆಂಡ್ ದ್ವೀಪಕ್ಕೆ ಕಳುಹಿಸಿದರು. ಅಲ್ಲಿ ದೇಶದ ಮೂಲನಿವಾಸಿಗಳಾದ ಶಿನ್ನೆಕಾಕ್ ಜನರಿಗೆ ಬಿಟ್ಟುಕೊಟ್ಟ ಭೂಮಿಯೊಂದಿತ್ತು. ಆ ಜನರ ದೇವಾಲಯವೇ ಪಾದ್ರಿಯವರ ಸೇವಾಕ್ಷೇತ್ರವಾಯಿತು. ಮಕ್ಕಳೆಲ್ಲರೂ ಶಿನ್ನೆಕಾಕ್ ಮಕ್ಕಳೊಡನೆ ಆಡಿ ಬೆಳೆದರು.

1891ರಲ್ಲಿ ನೆರೆಯ ಮರಳುದಿಣ್ಣೆಗಳ ಮೇಲೆ ನ್ಯೂಯಾರ್ಕಿನ ಧನಿಕರು ಒಂದು ಗಾಲ್ಫ್ ಮೈದಾನವನ್ನು ಮಾಡಿಸತೊಡಗಿದರು. ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ದೂರದೂರದಲ್ಲಿರುವ ಹದಿನೆಂಟು ಕುಳಿಗಳಿಗೆ ಕ್ರಮವಾಗಿ ಸೇರಿಸುವುದೇ ಈ ಆಟ. ಯಾರ ಹೊಡೆತಗಳು ಕಡಿಮೆಯೋ ಅವರೇ ಗೆದ್ದವರು. ಗಿಡಗಂಟಿಗಳನ್ನು ಕಡಿದು ನೆಲವನ್ನು ಹದಮಾಡಿದ ಕೂಲಿಗಳು ಶಿನ್ನೆಕಾಕ್ ಗಂಡಸರು. ಅವರ ಹುಡುಗರು ಆಟಗಾರರ ಕೋಲುಗಳ ಚೀಲವನ್ನು ಹೊರುವ ಕೆಲಸಕ್ಕೆ ಸೇರಿದರು. ಪಾದ್ರಿಯ ಮಗನೂ ಅವರೊಡನೆ ಹೋದನು. ವಿಲ್ಲಿ ಡನ್ ಎಂಬ ಸ್ಕಾಟ್ಲೆಂಡಿನ ಆಟಗಾರರು ಅಲ್ಲಿಯ ಶಿಕ್ಷಕರಾಗಿ ಬಂದು ಹುಡುಗರಿಗೂ ಆಟವನ್ನು ಕಲಿಸಿದರು. ಜಾನ್ ಬೇಗನೆ ಪಳಗಿ ಕೋಲುಗಳನ್ನು ದುರಸ್ತಿಮಾಡುವುದನ್ನೂ, ಕ್ಲಬ್ಬಿನ ಸದಸ್ಯರಿಗೆ ಪಾಠ ಹೇಳುವುದನ್ನೂ ಕಲಿತುಕೊಂಡನು. ಓದಿಗೆ ಮಾತ್ರ ಅಲ್ಲಿಗೇ ಮುಕ್ತಾಯವಾಯಿತು. ತಂದೆಗೆ ಇದು ಸರಿಬೀಳಲಿಲ್ಲ. ಕೆಲವು ವರ್ಷಗಳ ತರುವಾಯ ಅವರು ಸಂಸಾರಸಮೇತರಾಗಿ ವಾಷಿಂಗ್ಟನ್ನಿಗೆ ಹಿಂದಿರುಗಿದಾಗ ಈ ಮಗನು ಹಿಂದೆಯೇ ಉಳಿದನು.

1896ರ ಜುಲೈ 18ನೆಯ ತಾರೀಖು ಅದೇ ಮೈದಾನದಲ್ಲಿ ಅಮೆರಿಕದ ಓಪನ್ ಪಂದ್ಯವು ನಡೆಯಬೇಕಾಗಿತ್ತು. ಆ ಪಂದ್ಯಕ್ಕೆ ಅದು ಎರಡನೆಯ ವರ್ಷ. ಕ್ಲಬ್ಬಿನವರ ಪ್ರೋತ್ಸಾಹದಿಂದ ಹದಿನಾರು ವರ್ಷದ ಜಾನ್ ಶಿಪ್ಪೆನ್ನನೂ, ಆಸ್ಕರ್ ಬನ್ ಎಂಬ ಶಿನ್ನೆಕಾಕ್ ತರುಣನೂ ತಮ್ಮ ಹೆಸರುಗಳನ್ನು ಕೊಟ್ಟಿದ್ದರು. ಇಂಗ್ಲೆಂಡು ಸ್ಕಾಟ್ಲೆಂಡುಗಳಿಂದ ಬಂದಿದ್ದ ವೃತ್ತಿಯ ಆಟಗಾರರಿಗೆ ಇದು ಸಹಿಸಲಿಲ್ಲ. ಈ ಇಬ್ಬರು ಆಡುವುದಾದರೆ ತಾವು ಆಡುವುದಿಲ್ಲವೆಂದು ಅವರು ಹಟಹಿಡಿದರು. ಗಾಲ್ಫ್ ಸಂಘದ ಮೊದಲನೆಯ ಅಧ್ಯಕ್ಷರಾಗಿದ್ದವರು ಥಿಯೊಡೋರ್ ಹ್ಯಾವ್ಮೇಯರ್ ಎಂಬ ಸಕ್ಕರೆ ಕಾರ್ಖಾನೆಗಳ ಒಡೆಯರು. ಮಿಕ್ಕವರೆಲ್ಲರೂ ಹಿಂದೆ ಸರಿದರೂ ಚಿಂತೆಯಿಲ್ಲ, ಈ ಇಬ್ಬರೇ ಆಡಿದರೂ ಪಂದ್ಯವು ನಡೆದೇ ತೀರುವುದೆಂದು ಅವರು ತಿಳಿಸಿಬಿಟ್ಟರು. ಹಟಹಿಡಿದವರು ತೆಪ್ಪಗೆ ಮೈದಾನಕ್ಕಿಳಿದರು. ಒಂದು ಮಾತಿಗೆ ಇಷ್ಟು ಬಲವಿರುವಾಗ ಅಂಥ ಮಾತನ್ನಾಡುವವರು ಏಕೆ ಇಷ್ಟು ವಿರಳರೋ ತಿಳಿಯದು. ಹ್ಯಾವ್ಮೇಯರರು ಮರುವರ್ಷವೇ ತೀರಿಕೊಂಡರು.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ಶಿಪ್ಪೆನ್ನನು ಅರ್ಧ ಶಿನ್ನೆಕಾಕ್ ಜನಾಂಗದವನೆಂಬ ಸುದ್ದಿಯೊಂದು ಹರಡಿ, ಬಹುಕಾಲ ಪುಸ್ತಕಗಳಲ್ಲಿಯೂ ನೆಲೆಸಿತು. ಕಪ್ಪು ಹುಡುಗನನ್ನು ಆಡಗೊಡಿಸಿದ್ದಕ್ಕೆ ಅದು ಒಂದು ನೆಪದಂತಿತ್ತು. ಅದು ಸುಳ್ಳು. ಅವರ ಮಗಳು ಮುಪ್ಪಿನಲ್ಲಿಯೂ ಈ ತಪ್ಪನ್ನು ಕೇಳಿದಲ್ಲೆಲ್ಲಾ ತಿದ್ದುತ್ತಿದ್ದಳು.

ಒಂದೇ ದಿನದಲ್ಲಿ ಮೈದಾನವನ್ನು ಎರಡು ಸಲ ಸುತ್ತಬೇಕಾಗಿತ್ತು. ಮೊದಲನೆಯ ಸುತ್ತಿನಲ್ಲಿ ಜಾನನ ಜೊತೆಗಾರರಾಗಿದ್ದವರು ಚಾರ್ಲ್ಸ್ ಬ್ಲೇರ್ ಮ್ಯಾಕ್ಡೊನಾಲ್ಡ್. ಹಿಂದಿನ ವರ್ಷ ದೇಶದ ಹವ್ಯಾಸಿ ಆಟಗಾರರಲ್ಲೆಲ್ಲಾ ಪ್ರಥಮರೆನಿಸಿಕೊಂಡಿದ್ದವರು. ಹುಡುಗನು ಅವರನ್ನು ಮೀರಿಸಿ 78 ಹೊಡೆತಗಳಲ್ಲಿ ಸುತ್ತನ್ನು ಮುಗಿಸಿ, ಗೆಲ್ಲುವ ಸಂಭವವಿದ್ದವರ ಸಾಲಿನಲ್ಲಿ ನಿಂತನು. ಎರಡನೆಯ ಸುತ್ತಿನಲ್ಲಿಯೂ ಹದಿಮೂರನೆಯ ಕುಳಿಯ ತನಕ ಅವನಿಗೆ ಕೇಡಿರಲಿಲ್ಲ. ಆ ಕುಳಿಯು ಕಷ್ಟದ್ದಲ್ಲ. ನಾಲ್ಕು ಹೊಡೆತಗಳಲ್ಲಿ ಮುಗಿಯತಕ್ಕದ್ದು. ಚೆಂಡು ಬಲಕ್ಕೆ ಹೋಗಿ ಬಂಡಿಗಳು ಓಡಾಡುವ ಮರಳುದಾರಿಯಲ್ಲಿ ಬಿದ್ದಿತು. ಹೊಡೆದನು, ಚೆಂಡು ಮರಳಿನಲ್ಲಿ ಉರುಳಿತೇ ಹೊರತು ಮೇಲೇಳಲಿಲ್ಲ. ಮತ್ತೆ ಹೊಡೆದನು, ಹಾಗೆಯೇ ಆಯಿತು. ಕಡೆಗೆ ಆ ಒಂದು ಕುಳಿಗೆ ಹನ್ನೊಂದು ಹೊಡೆತಗಳು ವೆಚ್ಚವಾದುವು. ದಿನದ ಕೊನೆಗೆ ಅವನ ಮೊತ್ತ 159. ಗೆದ್ದ ಜೇಮ್ಸ್ ಫೌಲಿಸರ ಮೊತ್ತ 152. ನಡುವಣ ಅಂತರ ಏಳು. ಹನ್ನೊಂದರಲ್ಲಿ ನಾಲ್ಕನ್ನು ಕಳೆದರೆ ಉಳಿಯುವುದೂ ಏಳೇ! ಆ ಕುಳಿಯನ್ನು ಮತ್ತೊಮ್ಮೆ ಆಡುವಂತಿದ್ದರೆ ಎಂದು ಶಿಪ್ಪೆನ್ನರು ವೃದ್ಧಾಪ್ಯದಲ್ಲಿಯೂ ಹಂಬಲಿಸುತ್ತಿದ್ದರು.

ಆ ತರುವಾಯ 1899, 1900, 1902, 1913ನೆಯ ಇಸವಿಗಳಲ್ಲಿ ಅವರು ಅದೇ ಪಂದ್ಯದಲ್ಲಿ ಆಡಿದರು. 1902ರಲ್ಲಿ ಪುನಃ ಮುಂದಿನ ಸ್ಥಾನಗಳಲ್ಲಿ ಬಂದರಾದರೂ ಗೆಲವು ಕೈಸೇರಲಿಲ್ಲ. ಈಸ್ಟ್ ಹ್ಯಾಂಪ್ಟನ್ನಿನ ಮೇಡ್‌ಸ್ಟೋನ್ ಮೊದಲಾದ ಧನಿಕರ ಕ್ಲಬ್ಬುಗಳಲ್ಲಿ ಶಿಕ್ಷಕರಾಗಿ ದುಡಿದರು; ತಮ್ಮ ಹೆಸರಿನ ಮುದ್ರೆಯೊತ್ತಿದ ಕೋಲುಗಳನ್ನು ತಯಾರಿಸಿ ಮಾರಿದರು. ಶಿನ್ನೆಕಾಕ್ ಕನ್ಯೆಯನ್ನು ವಿವಾಹವಾಗಿ, ಆಕೆ ಬೇಗನೆ ತೀರಿಕೊಂಡ ಮೇಲೆ ಅದೇ ಜನಾಂಗದ ಇನ್ನೊಬ್ಬಾಕೆಯ ಕೈಹಿಡಿದು ಮಕ್ಕಳನ್ನು ಪಡೆದರು.

ಹ್ಯಾವ್ಮೇಯರರು ತೆರೆದ ಬಾಗಿಲು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದಿತು. 1916ರಲ್ಲಿ ವೃತ್ತಿಯ ಆಟಗಾರರು ತಮಗೊಂದು ಸಂಘವನ್ನು ಕಟ್ಟಿಕೊಂಡರು; ಮುಂದೆ ಬಿಳಿಯ ಜನಾಂಗದವರು ಮಾತ್ರ ಸದಸ್ಯರಾಗಬಹುದೆಂದು ಅದರ ನಿಬಂಧನೆಯಲ್ಲಿಯೇ ಬರೆದಿಟ್ಟರು. ಆ ವಾಕ್ಯವನ್ನು ಹೊಡೆದುಹಾಕಿದ್ದು 1961ರಲ್ಲಿ. 1913ರಲ್ಲಿ ಶಿಪ್ಪೆನ್ನರು ಆಡಿದ ಮೇಲೆ ಓಪನ್ ಪಂದ್ಯದಲ್ಲಿ ಮತ್ತೊಬ್ಬ ಕಪ್ಪು ಆಟಗಾರನು ಕಾಣಿಸಿಕೊಳ್ಳಲು ಮೂವತ್ತೈದು ವರ್ಷಗಳು ಬೇಕಾದುವು. ಹದಿನಾರನೆಯ ವಯಸ್ಸಿನಲ್ಲಿ ದೊರೆತ ಸ್ಥಾನವು ಐವತ್ತನೆಯ ವಯಸ್ಸಿನಲ್ಲಿ ಇರಲಿಲ್ಲ.

ಆದರೂ ಅವರು ಆಟವನ್ನು ಬಿಡಲಿಲ್ಲ. ನ್ಯೂಜರ್ಸಿಯ ಸ್ಕಾಚ್ ಪ್ಲೇನ್ಸ್ ಎಂಬಲ್ಲಿ ಕಪ್ಪು ಜನಾಂಗದವರೇ 1921ರಲ್ಲಿ ಸ್ಥಾಪಿಸಿದ ಶೇಡಿ ರೆಸ್ಟ್ ಎಂಬ ಕ್ಲಬ್ಬಿತ್ತು. 1930ರ ದಶಕದ ಆರಂಭದಲ್ಲಿ ಶಿಪ್ಪೆನ್ನರು ಅಲ್ಲಿಗೆ ಬಂದು 1964ರ ವರೆಗೆ ಸೇವೆಮಾಡಿದರು. ಪಾಠ ಹೇಳುವವರೂ ಅವರೇ, ಮೈದಾನದ ಹುಲ್ಲನ್ನು ನೋಡಿಕೊಳ್ಳುವವರೂ ಅವರೇ. ವಿಂಬಲ್ಡನ್ನಿನಲ್ಲಿ ಗೆದ್ದ ಮೊದಲನೆಯ ಕಪ್ಪು ಮಹಿಳೆಯಾದ ಆಲ್ಥಿಯ ಗಿಬ್ಸನ್ ಟೆನ್ನಿಸ್ ಆಡಿದ ಕ್ಲಬ್ಬುಗಳಲ್ಲಿ ಶೇಡಿ ರೆಸ್ಟೂ ಒಂದೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ರುಚಿಸೀತು.

ಶಿಪ್ಪೆನ್ನರ ಸಹೋದರ ಸೈರಸ್ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿಯನ್ನು ಪಡೆದು ವಾಷಿಂಗ್ಟನ್ನಿನಲ್ಲಿ ಉಪಾಧ್ಯಾಯರಾಗಿದ್ದರು. ತಂದೆಯ ಇಷ್ಟದಂತೆ ನಡೆದ ಮಗ ಅವರು. ತಾನೂ ಶಾಲೆಯನ್ನು ಬಿಡದೆ ಅಣ್ಣತಮ್ಮಂದಿರೊಡನೆ ಓದಿದ್ದರೆ ಚೆನ್ನಾಗಿತ್ತೋ ಏನೋ ಎಂದು ಜಾನ್ ಶಿಪ್ಪೆನ್ನರು ಕೊನೆಗಾಲದಲ್ಲಿ ಯೋಚಿಸುವುದಿತ್ತು. ಆದರೆ ಕಿಟಕಿಯಿಂದ ಹೊರಗಿನ ಮೈದಾನವನ್ನು ನೋಡಿದೊಡನೆ ತಾನು ಪಟ್ಟ ಸಂತೋಷವೆಲ್ಲವೂ ನೆನಪಾಗಿ ಆ ಯೋಚನೆಯು ಹಾರಿಹೋಗುತ್ತಿತ್ತಂತೆ. ತಾಯಿತಂದೆಗಳು ಇದನ್ನು ಹೇಗೆ ಬೇಕಾದರೂ ತೆಗೆದುಕೊಳ್ಳಲಿ.

1968ನೆಯ ಇಸವಿ ಮೇ 20ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ಅವರು ನ್ಯೂಜರ್ಸಿಯಲ್ಲಿ ನಿಧನ ಹೊಂದಿದರು. ಬಿಳಿಯರಿಗೆ ಮಾತ್ರವೆಂದು ಒಂದು ಕಾಲಕ್ಕೆ ಬರೆದಿಟ್ಟಿದ್ದ ಅದೇ ಸಂಘವು 2009ರಲ್ಲಿ ಅವರ ಹೆಸರನ್ನು ತನ್ನ ಸದಸ್ಯರ ಪಟ್ಟಿಗೆ ಸೇರಿಸಿತು.