ಏಳು ತಂತಿಯ ಪಿಟೀಲು ಚೌಡಯ್ಯನವರು

ಬೆಂಗಳೂರಲ್ಲಿ ಒಂದಷ್ಟು ದಿನ ಇದ್ದವರಿಗೆಲ್ಲ ಚೌಡಯ್ಯ ಹಾಲ್ ಗೊತ್ತಿರುತ್ತೆ. ಪಿಟೀಲಿನ ಆಕಾರದ ಕಟ್ಟಡ, ಮೇಲೆ ತಂತಿ, ಬಿರಡೆ, ಕುದುರೆ ಎಲ್ಲಾ ಇದೆ. ನಾಟಕಕ್ಕೋ, ಸ್ಕೂಲ್ ಡೇಗೋ ಒಳಗೆ ಹೋಗಿ ಬಂದಿರ್ತೀವಿ. ಆದರೆ ಚೌಡಯ್ಯ ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ಪಿಟೀಲು ನುಡಿಸ್ತಿದ್ದವರು ಅನ್ನೋ ಒಂದೇ ಮಾತಿಗೆ ನಿಲ್ತೀವಿ. ಈ ಸಲ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆಯೇ ಬರೆಯೋಣ ಅನ್ನಿಸಿತು. ಕಾರಣ ಮನೆಯೊಳಗೇ ಇದೆ, ಆಮೇಲೆ ಹೇಳ್ತೀನಿ.

ಚೌಡಯ್ಯನವರು ಹುಟ್ಟಿದ್ದು 1895ರ ಜನವರಿ 1ರಂದು, ತಿರುಮಕೂಡಲಿನಲ್ಲಿ. ನಮ್ಮ ಕಡೆ ಟಿ. ನರಸೀಪುರ ಅಂತೀವಲ್ಲ, ಕಾವೇರಿಗೆ ಕಪಿಲೆ ಬಂದು ಸೇರೋ ಜಾಗ, ಅಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಗೌಡರ ಮನೆ ಹುಡುಗ ಸಂಗೀತ ಕಲಿತು ದೊಡ್ಡ ವಿದ್ವಾಂಸರ ಸಾಲಲ್ಲಿ ಕೂರೋದು ಆ ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ. 1910ರಲ್ಲಿ, ಹದಿನೈದನೇ ವಯಸ್ಸಿಗೆ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಹತ್ತಿರ ಶಿಷ್ಯರಾಗಿ ಸೇರಿದರು. 1918ರವರೆಗೆ ಅಲ್ಲೇ ಪಾಠ.

ಇಲ್ಲೊಂದು ವಿಷಯ ಗಮನಿಸಬೇಕು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು, ಆದರೆ ಪಿಟೀಲಿನವರಲ್ಲ, ಹಾಡುಗಾರರು. ದಾಸರ ಪದಗಳನ್ನ ಕಚೇರಿಯಲ್ಲಿ ಗೌರವದಿಂದ ಹಾಡಿ ಹೆಸರಾದವರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರ ಅವರೇ ಕಟ್ಟಿಸಿದ್ದು. ಇಂಥ ಹಾಡುಗಾರರ ಕೈಕೆಳಗೆ ಎಂಟು ವರ್ಷ ಕಲಿತವರಿಗೆ ಪಿಟೀಲು ಅಂದ್ರೆ ಗಂಟಲಿನ ಬೆನ್ನು ಹತ್ತಿ ಹೋಗೋ ವಾದ್ಯ. ಚೌಡಯ್ಯನವರ ರೆಕಾರ್ಡಿಂಗ್ ಕೇಳುವಾಗ ನನಗೆ ಮೊದಲು ಕಾಣೋದು ಇದೇ: ಅಲ್ಲಿ ಬೆರಳಿನ ಚಮತ್ಕಾರಕ್ಕಿಂತ ಹಾಡು ಮುಂದಿರುತ್ತೆ.

ಈಗ ಏಳು ತಂತಿ ಕಥೆ. ಆಗ ಮೈಕ್ ಇರಲಿಲ್ಲ. ದೇವಸ್ಥಾನದ ಪ್ರಾಕಾರ, ಮದುವೆ ಚಪ್ಪರ, ಸಾವಿರಾರು ಜನ. ಹಾಡುಗಾರ ಗಂಟಲು ಬಿಟ್ಟು ಹಾಡ್ತಾನೆ, ಮೃದಂಗದ ಸದ್ದು ದೂರ ಹೋಗುತ್ತೆ, ನಡುವೆ ನಾಲ್ಕು ತಂತಿಯ ಪಿಟೀಲು ಹಿಂದೆ ಕೂತವರಿಗೆ ಕೇಳಿಸೋದೇ ಇಲ್ಲ. ಇದಕ್ಕೆ ಚೌಡಯ್ಯನವರು 1920ರ ದಶಕದಲ್ಲಿ ದಾರಿ ಕಂಡುಕೊಂಡರು. ಮಾಮೂಲಿ ನಾಲ್ಕು ತಂತಿಯಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿದರು. ಒಟ್ಟು ಏಳು. ಒಂದು ಬೆರಳು ಒಂದೇ ಸಲ ಎರಡು ತಂತಿ ಒತ್ತಬೇಕು, ಒಂದು ಕಮಾನು ಎರಡನ್ನೂ ಎಳೀಬೇಕು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಸ್ವಿಚ್ಚಿಗೆ ಎರಡು ಲೈಟು ಪ್ಯಾರಲಲ್ ಕೊಟ್ಟ ಹಾಗೆ. ಹೇಳೋಕೆ ಸುಲಭ. ಆದರೆ ಎರಡು ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದ್ರೂ ಇಡೀ ಸ್ವರ ಕೆಟ್ಟು ಹೋಗುತ್ತೆ, ಎಡಗೈ ಬೆರಳಿಗೆ ಕೆಲಸ ದುಪ್ಪಟ್ಟು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಪಕ್ಕವಾದ್ಯ ಇಷ್ಟು ಜೋರಾಗಿ ಕೇಳಬೇಕಾ ಅನ್ನೋರು ಇದ್ದರು. ಅವರ ಕಾಲದಲ್ಲಿ ದಕ್ಷಿಣದಲ್ಲಿ ಪಿಟೀಲಿಗೆ ಮೂರು ದೊಡ್ಡ ಹೆಸರು: ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ನಮ್ಮ ಚೌಡಯ್ಯ. ಮಿಕ್ಕ ಇಬ್ಬರು ನಾಲ್ಕು ತಂತಿಯಲ್ಲೇ ಗೆದ್ದವರು. ಆಮೇಲೆ ಮೈಕೂ ಬಂತು. ಆದ್ರೂ ಇವರು ಏಳು ತಂತಿ ಬಿಡಲಿಲ್ಲ. ನನ್ನ ಲೆಕ್ಕಕ್ಕೆ, ಅಷ್ಟು ಹೊತ್ತಿಗೆ ಅದು ಸದ್ದಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಆ ದುಂಡನೆಯ ನಾದವೇ ಅವರ ದನಿ ಆಗಿಬಿಟ್ಟಿತ್ತು.

ಆ ಕಾಲದ ದೊಡ್ಡ ಹಾಡುಗಾರರಿಗೆಲ್ಲ ಅವರು ಪಕ್ಕವಾದ್ಯ ನುಡಿಸಿದರು. ಅದರಲ್ಲೂ ಚೆಂಬೈ ವೈದ್ಯನಾಥ ಭಾಗವತರ ಜೊತೆ, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ಇದ್ದರಂತೂ ಜನ ಮುಗಿಬಿದ್ದು ಬರ್ತಿದ್ರು. 1943ರಲ್ಲಿ ಚೌಡಯ್ಯನವರು ವಾಣಿ ಅಂತ ಒಂದು ಕನ್ನಡ ಸಿನಿಮಾವನ್ನೂ ತೆಗೆದರು. ಅದರಲ್ಲಿ ಈ ಮೂವರ ಕಚೇರಿಯೂ ಇದೆ. ಮೈಸೂರಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಶುರು ಮಾಡಿ ಪಾಠ ಹೇಳಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿಯಂಥ ಶಿಷ್ಯರು ಬಂದರು. ತಾವೇ ಕೃತಿಗಳನ್ನೂ ರಚಿಸಿದರು. ಅಂಕಿತ ತ್ರಿಮಕುಟ, ಅಂದ್ರೆ ಹುಟ್ಟಿದೂರಿನ ಹೆಸರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇಷ್ಟವಾಗೋ ವಿಷಯ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರ ಜನವರಿ 19ರಂದು ತೀರಿಕೊಂಡರು. ಹಾಲ್ ಆಗಿದ್ದು 1980ರಲ್ಲಿ.

ಇನ್ನು ಮನೆ ವಿಷಯ. ನನ್ನ ಮಗಳು ಇಲ್ಲಿ ರಾಟರ್‌ಡ್ಯಾಮಿನಲ್ಲೇ ಪಿಟೀಲು ಕಲೀತಾಳೆ, ಮೈಸೂರಿನ ಮೇಷ್ಟ್ರ ಹತ್ತಿರ, ಫೋನಿನಲ್ಲಿ. ಹಂಸಧ್ವನಿಯ ವಾತಾಪಿ ಗಣಪತಿಂ ಪಾಠ ನಡೀತಿದೆ, ಗಣೇಶನ ಹಬ್ಬಕ್ಕೆ ವೇದಿಕೆ ಮೇಲೆ ನುಡಿಸಬೇಕು. ಒಳ್ಳೆ ರೆಕಾರ್ಡಿಂಗ್ ಹುಡುಕಿ ದಿನಾ ಕೇಳಿಸಿ ಅಂದ್ರು ಮೇಷ್ಟ್ರು. ಹುಡುಕೋಕೆ ಕೂತರೆ ನೂರಾರು ಸಿಗುತ್ತೆ, ಯಾವುದು ಒಳ್ಳೇದು ಅಂತ ತಿಳಿಯೋದೇ ಕಷ್ಟ. ನಮ್ಮಲ್ಲಿ ಇನ್ನೂ ನಾಲ್ಕೈದು ಮನೆ ಮಕ್ಕಳು ಕಲೀತಿರೋದರಿಂದ, ನಾವು ಮಾಡಿಕೊಂಡ ದಾರಿ ಹೇಳಿಬಿಡ್ತೀನಿ.

ಮೊದಲು ಹಾಡು, ಆಮೇಲೆ ಪಿಟೀಲು. ವಾತಾಪಿ ಅಂದ್ರೆ ಚೆಂಬೈ ಅನ್ನೋ ಹಾಗೆ ಜನ ನೆನೀತಾರೆ, ಆ ಕೃತಿ ಅವರ ದನಿಯಲ್ಲಿ ಕೇಳಬೇಕು. ಸಾಹಿತ್ಯ ಎಲ್ಲಿ ಒಡೆಯುತ್ತೆ, ಎಲ್ಲಿ ಉಸಿರು ತಗೋತಾರೆ ಅಂತ ಮಕ್ಕಳಿಗೆ ಗೊತ್ತಾದರೆ ಕಮಾನು ಎಲ್ಲಿ ತಿರುಗಿಸಬೇಕು ಅನ್ನೋದು ಅರ್ಧ ತಿಳಿದ ಹಾಗೆ. ಪಿಟೀಲೊಂದನ್ನೇ ಕೇಳಿದ ಮಗು ಸ್ವರ ಸರಿಯಾಗಿ ನುಡಿಸುತ್ತೆ, ಪದ ಮುರಿಯುತ್ತೆ.

ಆಮೇಲೆ ಹಳೇ ಕಚೇರಿಗಳ ಟೇಪು. ಚೆಂಬೈ ಮತ್ತು ಚೌಡಯ್ಯನವರು ಜೊತೆಗಿರೋ ಕಚೇರಿ ಯಾವುದಾದರೂ ಸರಿ, ರಾಗಾಲಾಪನೆ ಮತ್ತು ಕಲ್ಪನಾಸ್ವರದ ಜಾಗ ಕೇಳಿಸಿ. ಹಾಡುಗಾರರು ಒಂದು ಸುತ್ತು ಹಾಡಿ ಬಿಡ್ತಾರೆ, ಚೌಡಯ್ಯ ಅದನ್ನ ಹಿಡಿದು ವಾಪಸ್ ಕೊಡ್ತಾರೆ. ಕಲಿಯೋ ಮಕ್ಕಳಿಗೆ ಇದಕ್ಕಿಂತ ಪಾಠ ಬೇಡ. ಟೇಪಿನಲ್ಲಿ ಗೊರಗೊರ ಸದ್ದು ಇರುತ್ತೆ, ಮಗಳು ಮೊದಲ ವಾರ ಮುಖ ಕಿವುಚಿದಳು. ಈಗ ಅಭ್ಯಾಸ ಆಗಿದೆ.

ಹಳೇ 78 ಸ್ಪೀಡಿನ ತಟ್ಟೆ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ ಅಷ್ಟೇ. ಹಾಗಾಗಿ ಕೃತಿಯನ್ನ ಮೊಟಕು ಮಾಡಿರ್ತಾರೆ, ಸಂಗತಿಗಳು ಬಿಟ್ಟುಹೋಗಿರುತ್ತೆ. ಪಾಠದ ಪುಸ್ತಕಕ್ಕೆ ತಾಳೆ ಹಾಕಿ ಗಾಬರಿಯಾಗಬೇಡಿ. ಇನ್ನೊಂದು, ಹಳೇ ಟೇಪು ಕಾಪಿ ಮಾಡುವಾಗ ಮೋಟರ್ ನೂರಕ್ಕೆ ಆರು ಪಾಲು ಜೋರಾಗಿ ತಿರುಗಿದ್ರೆ ಸಾಕು, ಒಂದು ಮನೆ ಶ್ರುತಿ ಒಂದೂವರೆ ಆಗುತ್ತೆ, ಕಾಲವೂ ಓಡುತ್ತೆ. ಅದರ ಜೊತೆ ನುಡಿಸೋಕೆ ಅಂತ ಮಗು ಬಿರಡೆ ತಿರುಗಿಸಿ ತಂತಿ ಹರಿದುಕೊಳ್ಳೋದು ಬೇಡ. ಕೇಳೋದು ಬೇರೆ, ನುಡಿಸುವಾಗ ಮೇಷ್ಟ್ರು ಹೇಳಿದ ಶ್ರುತಿಪೆಟ್ಟಿಗೆಯೇ ಇರಲಿ. ಚಳಿಗಾಲದಲ್ಲಿ ಇಲ್ಲಿ ಹೀಟರ್ ಗಾಳಿಗೆ ಮರ ಒಣಗಿ ಬಿರಡೆ ತಾನಾಗೇ ಜಾರುತ್ತೆ, ಅದೇ ಸಾಕು ತಲೆನೋವು.

ಚೌಡಯ್ಯನವರ ನಾದವನ್ನ ಹಾಗೇ ತೆಗೀಬೇಕು ಅಂತ ಮಗಳು ಕಮಾನನ್ನ ಒತ್ತಿ ಎಳೆಯೋಕೆ ಹೋಗ್ತಿದ್ದಳು. ಅದು ಏಳು ತಂತಿಯ ಸದ್ದು, ನಾಲ್ಕರಲ್ಲಿ ಒತ್ತಿದ್ರೆ ಕಿರುಚುತ್ತೆ ಅಷ್ಟೇ. ಕಮಾನಿನ ಕೈಗೆ ಮಾದರಿ ಬೇಕಾದರೆ ದ್ವಾರಂ ಅವರ ರೆಕಾರ್ಡಿಂಗ್ ಕೇಳಿಸಿ ಅಂತ ಮೇಷ್ಟ್ರೇ ಹೇಳಿದರು. ಅದು ಸರಿ ಅನ್ನಿಸಿತು. ಇನ್ನು ನಮ್ಮ ಅಪಾರ್ಟ್‌ಮೆಂಟ್ ಕಥೆ ಗೊತ್ತಲ್ಲ, ಕೆಳಗಿನವರಿಗೆ ಕೇಳಬಾರದು ಅಂತ ಕುದುರೆ ಮೇಲೆ ರಬ್ಬರ್ ಮ್ಯೂಟ್ ಹಾಕಿ ಅಭ್ಯಾಸ. ಕೊನೇ ಸಾಲಿಗೆ ಕೇಳಲಿ ಅಂತ ಮೂರು ತಂತಿ ಕಟ್ಟಿದವರನ್ನ ಕೇಳ್ಕೊಂಡು, ಪಕ್ಕದ ಮನೆಗೆ ಕೇಳದ ಹಾಗೆ ನುಡಿಸ್ತಾಳೆ ಹುಡುಗಿ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಮಾತ್ರ ಮ್ಯೂಟ್ ತೆಗೀಬಹುದು ಅಂತ ಕೆಳಗಿನವರ ಜೊತೆ ಮಾತಾಗಿದೆ. ಆಗ ವಾತಾಪಿ ಪೂರ್ತಿ ನುಡಿಸ್ತಾಳೆ. ಚರಣದ ಕೊನೇ ಭಾಗ ಇನ್ನೂ ಓಡ್ತಾಳೆ, ಹಬ್ಬಕ್ಕೆ ಎರಡು ತಿಂಗಳಿದೆ.