ವಿಲಿಯಂ ಮಾರಿಸ್ : ಹಳೆಯ ಪುಟಗಳಿಂದ ಹೊಸ ಅಕ್ಷರ

ಪೂರ್ವಿಕರ ಕೈಕೆಲಸವನ್ನು ಕೂಡಿಡುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಕೂಡಿಟ್ಟುದನ್ನು ಪೆಟ್ಟಿಗೆಯಲ್ಲಿರಿಸಿ ಬೀಗ ಹಾಕುವುದು ಒಂದು ಬಗೆ. ಅದನ್ನೇ ಗುರುವೆಂದು ಭಾವಿಸಿ ಎದುರಿಗಿಟ್ಟುಕೊಂಡು ಕಲಿಯುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಗೆ ಇಂಗ್ಲೆಂಡಿನ ವಿಲಿಯಂ ಮಾರಿಸನ ಜೀವಿತಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಅಚ್ಚಿನ ಕಸುಬಿನಲ್ಲಿಯೇ ತಲೆ ನರೆತ ನಮಗೆ ಆತನ ಕಥೆಯಲ್ಲಿ ತುಸು ಹೆಚ್ಚಿನ ಅಭಿಮಾನವಿದ್ದರೆ ವಾಚಕ ಮಹಾಶಯರು ಮನ್ನಿಸುವರೆಂದು ನಂಬಿದ್ದೇವೆ.

ಮಾರಿಸನು 1834ನೆಯ ಇಸವಿ ಮಾರ್ಚಿ 24ರಂದು ಲಂಡನ್ನಿಗೆ ಸಮೀಪದ ವಾಲ್ತಮ್‌ಸ್ಟೋ ಎಂಬಲ್ಲಿ ಜನಿಸಿದನು. ತಂದೆ ಹುಂಡಿಯ ವ್ಯವಹಾರಸ್ಥ. ತಾಮ್ರದ ಗಣಿಯ ಪಾಲುಗಳಿಂದ ಸಂಸಾರಕ್ಕೆ ಹೇರಳವಾದ ವರಮಾನವಿದ್ದಿತು. 1853ರಲ್ಲಿ ಪಾದ್ರಿಯಾಗಬೇಕೆಂಬ ಸಂಕಲ್ಪದಿಂದ ಆಕ್ಸ್‌ಫರ್ಡನ್ನು ಸೇರಿದ ಈ ತರುಣನಿಗೆ ಅಲ್ಲಿ ಎರಡು ಲಾಭಗಳಾದುವು. ಒಂದು, ಮುಂದೆ ಹೆಸರಾಂತ ಚಿತ್ರಕಾರನಾದ ಬರ್ನ್ ಜೋನ್ಸನ ಆಜೀವ ಮೈತ್ರಿ; ಇನ್ನೊಂದು, ಬಾಡ್ಲಿಯನ್ ಪುಸ್ತಕ ಭಂಡಾರದಲ್ಲಿದ್ದ ಮಧ್ಯಯುಗದ ಚಿತ್ರಿತ ಹಸ್ತಪ್ರತಿಗಳ ದರ್ಶನ. ಪಾದ್ರಿಯಾಗುವ ಯೋಚನೆ ಅಲ್ಲಿಗೆ ನಿಂತಿತು. ಕಣ್ಣಿಗೆ ಬಿದ್ದ ಆ ಪುಟಗಳು ಮಾತ್ರ ಕೊನೆಯವರೆಗೂ ಮನಸ್ಸಿನಿಂದ ಮಾಸಲಿಲ್ಲ.

1861ರಲ್ಲಿ ಗೆಳೆಯರೊಡನೆ ಕೂಡಿ ಆತನು ಗೃಹಾಲಂಕಾರದ ಸಾಮಗ್ರಿಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಗೋಡೆಗಂಟಿಸುವ ಕಾಗದ, ಬಣ್ಣದ ಗಾಜು, ಜಮಖಾನೆ, ಅಚ್ಚು ಹಾಕಿದ ಬಟ್ಟೆ, ಇವುಗಳಲ್ಲಿ ಯಾವುದನ್ನೇ ಕೈಗೆತ್ತಿಕೊಂಡರೂ ಹಳಬರು ಅದನ್ನು ಹೇಗೆ ಮಾಡುತ್ತಿದ್ದರೆಂಬುದೇ ಆತನ ಮೊದಲ ಪ್ರಶ್ನೆ. ಹೊಸ ರಾಸಾಯನಿಕ ಬಣ್ಣಗಳು ಒಗ್ಗದಿರಲು, ಹಳೆಯ ಗ್ರಂಥಗಳನ್ನು ಶೋಧಿಸಿ, ಲೀಕ್ ಪಟ್ಟಣದ ಬಣ್ಣಗಾರರಲ್ಲಿಗೆ ಹೋಗಿ, ನೀಲಿಯ ತೊಟ್ಟಿಯಲ್ಲಿ ಮೊಳಕೈವರೆಗೆ ಕೈಯದ್ದಿ ಕಲಿತನು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು ಆತನ ಪಾಠಶಾಲೆಯೇ ಆಗಿದ್ದಿತು. ಪಾರಸೀಕದ ಅರ್ದಬಿಲ್ ರತ್ನಗಂಬಳಿಯನ್ನು ಆ ಸಂಗ್ರಹಾಲಯವು 1893ರಲ್ಲಿ 2000 ಪೌಂಡುಗಳಿಗೆ ಕೊಂಡದ್ದು ಈತನ ಶಿಫಾರಸಿನ ಮೇಲೆಯೇ. ಆಂಗ್ಲರ ಆಳ್ವಿಕೆಯ ವಾಣಿಜ್ಯದಿಂದ ಭಾರತದ ಕೈಕಸುಬುಗಳು ನಾಶವಾಗುತ್ತಿರುವುದನ್ನು 1879ರಷ್ಟು ಹಿಂದೆಯೇ ಬಹಿರಂಗ ಉಪನ್ಯಾಸದಲ್ಲಿ ಖಂಡಿಸಿದವನೂ ಈತನೇ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆತನ ಕೊನೆಯ ಮತ್ತು ಅತ್ಯಂತ ಪ್ರಸಿದ್ಧವಾದ ಸಾಹಸಕ್ಕೆ 1888ನೆಯ ನವೆಂಬರಿನ ಒಂದು ಸಂಜೆ ಕಾರಣವಾಯಿತು. ನೆರೆಯವನೂ ಮಿತ್ರನೂ ಆದ ಎಮರಿ ವಾಕರನು ಅಂದು ಮುದ್ರಣಕಲೆಯನ್ನು ಕುರಿತು ಉಪನ್ಯಾಸ ಮಾಡುತ್ತ, 15ನೆಯ ಶತಮಾನದ ಪುಸ್ತಕಗಳ ಅಕ್ಷರಗಳನ್ನು ಮಾಯಾದೀಪದಿಂದ ಪರದೆಯ ಮೇಲೆ ಹಿಗ್ಗಿಸಿ ತೋರಿಸಿದನು. ಪುಟದಲ್ಲಿ ಎಳ್ಳಿನಷ್ಟಿದ್ದ ಅಕ್ಷರವು ಗೋಡೆಯಷ್ಟಾಗಿ ನಿಂತಾಗ ಅದರ ಒಂದೊಂದು ತಿರುವೂ ಮಾರಿಸನಿಗೆ ಕಂಡಿತು. ಹೊಸ ಮೊಳೆಯೊಂದನ್ನು ಮಾಡೋಣವೆಂದು ಅಂದೇ ನಿಶ್ಚಯವಾಯಿತು.

ಅಲ್ಲಿಂದಾಚೆಗೆ ಆತನು ಹಳೆಯ ಅಚ್ಚಿನ ಪುಸ್ತಕಗಳನ್ನು ವಿಶೇಷ ಆಸಕ್ತಿಯಿಂದ ಕೊಳ್ಳತೊಡಗಿದನು. ವೆನಿಸ್ ನಗರದಲ್ಲಿ ನೆಲಸಿದ್ದ ಫ್ರೆಂಚ್ ಮುದ್ರಕ ನಿಕೊಲಾಸ್ ಜೆನ್ಸನನು 1476ರಲ್ಲಿ ಅಚ್ಚು ಹಾಕಿದ ಪ್ಲಿನಿಯ ಗ್ರಂಥವು ಆತನ ಮುಖ್ಯ ಮಾದರಿ. ಅದರ ಛಾಯಾಚಿತ್ರಗಳನ್ನು ವಾಕರನು ಹಿಗ್ಗಿಸಿಕೊಟ್ಟನು. ಮಾರಿಸನು ಅವುಗಳ ಮೇಲೆ ಮತ್ತೆ ಮತ್ತೆ ಗೆರೆಯೆಳೆದು, ಅಕ್ಷರದ ಮರ್ಮವು ಕೈಗೆ ಹತ್ತಿದ ಮೇಲೆ ಮಾದರಿಯನ್ನು ಬದಿಗಿಟ್ಟು ತನ್ನದೇ ಅಕ್ಷರಗಳನ್ನು ಬರೆದನು. ಹುಟ್ಟಿದ ಮೊಳೆಯು ಜೆನ್ಸನನದಕ್ಕಿಂತ ದಪ್ಪ, ಕಪ್ಪು. ಅದು ನಕಲಲ್ಲ, ಸಂತಾನ. ನಮ್ಮ ಅಭಿಪ್ರಾಯದಲ್ಲಿ ಈ ಮನುಷ್ಯನ ಹಿರಿಮೆಯೆಲ್ಲವೂ ಮಾದರಿಯನ್ನು ಬದಿಗಿಟ್ಟ ಆ ಕ್ಷಣದಲ್ಲಿಯೇ ಅಡಗಿದೆ.

1891ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ತಿನಲ್ಲಿ ಕೆಲ್ಮ್‌ಸ್ಕಾಟ್ ಅಚ್ಚುಕೂಟವು ಪ್ರಾರಂಭವಾಯಿತು. 15ನೆಯ ಶತಮಾನದ ಇಟಲಿಯ ಕಾಗದವೊಂದರ ಮಾದರಿಯಂತೆ ಕೆಂಟ್ ಪ್ರಾಂತದಲ್ಲಿ ಕೈಕಾಗದ ಮಾಡಿಸಿದರು, ಶಾಯಿಯನ್ನು ಜರ್ಮನಿಯಿಂದ ತರಿಸಿದರು, ಅಚ್ಚೆಲ್ಲವೂ ಕೈಯಂತ್ರದಲ್ಲಿಯೇ. ಎದುರುಬದುರಿನ ಎರಡು ಪುಟಗಳನ್ನು ಒಂದೇ ಚಿತ್ರವೆಂದು ಕಾಣಬೇಕೆಂಬುದು ಆತನ ನಿಯಮ. ಆದುದರಿಂದ ಒಳಗಿನ ಅಂಚು ಎಲ್ಲಕ್ಕಿಂತ ಕಿರಿದು, ಮೇಲಿನದು ಅದಕ್ಕಿಂತ ಅಗಲ, ಹೊರಗಿನದು ಇನ್ನೂ ಅಗಲ, ಕೆಳಗಿನದು ಎಲ್ಲಕ್ಕಿಂತ ಅಗಲ. ಇದೂ ಹಳೆಯ ಪುಸ್ತಕಗಳನ್ನು ನೋಡಿ ಕಲಿತ ಪಾಠವೇ. 1896ರಲ್ಲಿ ಹೊರಬಂದ ಛಾಸರ್ ಕವಿಯ ಕೃತಿಗಳ ಸಂಪುಟವು ಈ ಪರಿಶ್ರಮದ ಶಿಖರ: 556 ಪುಟಗಳು, ಬರ್ನ್ ಜೋನ್ಸನ 87 ಚಿತ್ರಗಳು, ಕಾಗದದ ಮೇಲೆ 425 ಪ್ರತಿಗಳು, ತೊಗಲಿನ ಹಾಳೆಯ ಮೇಲೆ 13.

ಗುಣವನ್ನು ಹೇಳಿ ದೋಷವನ್ನು ಮರೆಸುವುದು ನ್ಯಾಯವಲ್ಲ. ಮಾರಿಸನು 1883ರಿಂದ ಸಮಾಜವಾದಿ. ಕಲೆಯು ಕೆಲವರ ಸೊತ್ತಾಗಬಾರದೆಂದು ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡಿದವನು. ಆದರೆ ಆ ಛಾಸರ್ ಸಂಪುಟದ ಬೆಲೆ 20 ಪೌಂಡು. ಯಾವ ಕೂಲಿಕಾರನೂ ಅದನ್ನು ಕೊಳ್ಳುವಂತಿರಲಿಲ್ಲ. ಕೈಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ವಸ್ತುವು ಅಗ್ಗವಾಗದು; ಅಗ್ಗ ಮಾಡಹೊರಟರೆ ಕೈಕೆಲಸ ಉಳಿಯದು. ಈ ತೊಡಕನ್ನು ಆತನು ಬಿಡಿಸಲಾರದೆ ಹೋದನು. ಖಾದಿಯ ಬೆಲೆಯನ್ನು ಕುರಿತು ಚರ್ಚಿಸಿದ ನಮ್ಮ ನಾಡಿಗೂ ಈ ತೊಡಕು ಅಪರಿಚಿತವಲ್ಲ.

ಛಾಸರ್ ಸಂಪುಟವನ್ನು ಕಣ್ಣಾರೆ ಕಂಡ ಕೆಲವೇ ತಿಂಗಳಲ್ಲಿ, 1896ನೆಯ ಅಕ್ಟೋಬರ್ 3ರಂದು, 62ನೆಯ ವಯಸ್ಸಿನಲ್ಲಿ ಮಾರಿಸನು ತೀರಿಕೊಂಡನು. ಆತನ ಪುಸ್ತಕ ಸಂಗ್ರಹವು ಕೈ ಬದಲಾಯಿಸಿ ಚದುರಿಹೋಯಿತು. ಅದರಲ್ಲಿ ಒಂದು ಭಾಗವು 1902ರಲ್ಲಿ ಅಮೆರಿಕದ ಕೋಟ್ಯಧೀಶ ಪಿಯರ್‌ಪಾಂಟ್ ಮಾರ್ಗನನ ಪಾಲಾಯಿತು. ಆದರೆ ಆತನು ತೋರಿದ ದಾರಿ ಚದುರಲಿಲ್ಲ. ಅದೇ ವಾಕರನು 1900ರಲ್ಲಿ ಜೊತೆಗಾರನೊಬ್ಬನೊಡನೆ ಡವ್ಸ್ ಮುದ್ರಣಾಲಯವನ್ನು ತೆರೆದು, ಅದೇ ಜೆನ್ಸನನನ್ನು ನೋಡಿ, ಮಾರಿಸನದಕ್ಕಿಂತ ತೀರ ಭಿನ್ನವಾದ, ತೆಳುವೂ ನಿರಾಭರಣವೂ ಆದ ಪುಟಗಳನ್ನು ಹೊರತಂದನು. ಬಾವಿ ಒಂದೇ, ಸೇದಿದವರ ಕೊಡಗಳು ಬೇರೆ.

ನಮ್ಮ ಮನೆಗಳ ಅಟ್ಟಗಳಲ್ಲಿಯೂ ಓಲೆಗರಿಯ ಕಟ್ಟುಗಳು, ಕಲ್ಲಚ್ಚಿನ ಪುಸ್ತಕಗಳು, ಹಳೆಯ ಪಂಚಾಂಗಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಅವನ್ನು ಕೆಳಗಿಳಿಸಿ ಧೂಳು ಕೊಡಹುವುದು ಮೊದಲ ಕೆಲಸ. ಅವುಗಳ ಅಕ್ಷರದ ದುಂಡನ್ನೂ ಅಂಚಿನ ಅಳತೆಯನ್ನೂ ಕಣ್ಣಿಟ್ಟು ಕಲಿತು, ಬಳಿಕ ಬದಿಗಿಟ್ಟು, ನಮ್ಮ ಕಾಲಕ್ಕೊಪ್ಪುವ ಕನ್ನಡದ ಪುಟವನ್ನು ನಾವೇ ಬರೆಯುವುದು ಎರಡನೆಯದು. ಮೊದಲನೆಯದನ್ನೇ ಮಾಡದವರಿಗೆ ಎರಡನೆಯದು ಸಾಧಿಸದು. ಮೊದಲನೆಯದರಲ್ಲಿಯೇ ನಿಂತವರಿಂದ ನಾಡಿಗೆ ಲಾಭವಿಲ್ಲ.