ಮಳೆ, ಸ್ಪಂಜು, ಬಂಡೆ: ದೇವೇಂದ್ರ ಲಾಲ್ ಕಾಲವನ್ನು ಅಳೆದ ಬಗೆ

ಮಕ್ಕಳೇ, ರಜೆಗೆ ಊರಿಗೆ ಹೋದಾಗ ಅಜ್ಜಿ ಎಷ್ಟು ಕೂಗಿದರೂ ಕೇಳದೆ ಮುಂಗಾರು ಮಳೆಯಲ್ಲಿ ನೆನೆದವರು ನಿಮ್ಮಲ್ಲಿ ಹಲವರಿದ್ದೀರಿ. ಆ ಹನಿಗಳಲ್ಲಿ ವಿಕಿರಣಶೀಲ ಪರಮಾಣುಗಳಿದ್ದವು. ಹೆದರಬೇಡಿ, ಅವುಗಳ ಪ್ರಮಾಣ ತೀರಾ ಅಲ್ಪ. ಅಜ್ಜಿ ಚಿಕ್ಕವರಿದ್ದಾಗ ನೆನೆದ ಮಳೆಯಲ್ಲೂ ಇದ್ದವು, ಅವರ ಅಜ್ಜಿ ನೆನೆದ ಮಳೆಯಲ್ಲೂ ಇದ್ದವು. ವಿಕಿರಣ ಎಂದೊಡನೆ ಬಾಂಬು, ಚೆರ್ನೊಬಿಲ್ ಅಣುಸ್ಥಾವರದ ದುರಂತ ಎಂದು ಬೆಚ್ಚಿಬೀಳುವವರು ನಿಮ್ಮ ಅಪ್ಪ ಅಮ್ಮಂದಿರು. ಅವರಿಗೂ ಇದನ್ನು ಓದಿ ಹೇಳಿ.

ಬಾಹ್ಯಾಕಾಶದಿಂದ ವಿಶ್ವಕಿರಣಗಳು ಎಡೆಬಿಡದೆ ಭೂಮಿಗೆ ಬಡಿಯುತ್ತಿರುತ್ತವೆ. ಅವು ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ, ಆರ್ಗಾನ್ ಪರಮಾಣುಗಳನ್ನು ಒಡೆದಾಗ ಬೆರಿಲಿಯಂ-7, ರಂಜಕ-32 (ಶಾಲೆಯಲ್ಲಿ ನೀವು ಫಾಸ್ಫರಸ್ ಅನ್ನುತ್ತೀರಿ), ಸಿಲಿಕಾನ್-32ರಂಥ ವಿಕಿರಣಶೀಲ ಐಸೋಟೋಪುಗಳು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಹುಟ್ಟುತ್ತವೆ. ಮಳೆಯ ಜೊತೆ ಕೆಳಗಿಳಿಯುತ್ತವೆ. ಒಂದೊಂದಕ್ಕೂ ಒಂದೊಂದು ಅರ್ಧಾಯು. ಬೆರಿಲಿಯಂ-7 ಸುಮಾರು 53 ದಿನಗಳಲ್ಲಿ ಅರ್ಧ ಉಳಿಯುತ್ತದೆ, ಇನ್ನೂ 53 ದಿನ ಕಳೆದರೆ ಕಾಲುಭಾಗ. ರಂಜಕ-32ಕ್ಕೆ 14 ದಿನ. ಬೆರಿಲಿಯಂ-10ಕ್ಕಾದರೋ ಸುಮಾರು 14 ಲಕ್ಷ ವರ್ಷ! ಹೀಗಾಗಿ ಎಷ್ಟು ಹುಟ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ತಿಳಿದರೆ ನಡುವೆ ಕಳೆದ ಕಾಲವೂ ತಿಳಿಯುತ್ತದೆ. ವಿಜ್ಞಾನಿ ದೇವೇಂದ್ರ ಲಾಲ್ ಜೀವನವಿಡೀ ಮಾಡಿದ್ದು ಈ ಲೆಕ್ಕವನ್ನೇ.

ಲಾಲ್ ಹುಟ್ಟಿದ್ದು 1929ರಲ್ಲಿ, ವಾರಾಣಸಿಯಲ್ಲಿ. ಅಲ್ಲಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಆಗ ಅಲ್ಲಿ ಎಲ್ಲರ ಬಾಯಲ್ಲೂ ವಿಶ್ವಕಿರಣಗಳದೇ ಮಾತು. ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರೂ ಅಲ್ಲಿದ್ದರು. ಈ ಕಿರಣಗಳನ್ನು ಎಣಿಸಲು 1951ರಲ್ಲಿ ಅವರು ಕೋಲಾರದ ಚಿನ್ನದ ಗಣಿಯೊಳಕ್ಕೇ ಇಳಿದರು. ಲಾಲ್ ತಮ್ಮ ಗುರು ಬರ್ನಾರ್ಡ್ ಪೀಟರ್ಸ್ ಜೊತೆ ಮೊದಲು ವಿಶ್ವಕಿರಣಗಳನ್ನೇ ಅಭ್ಯಾಸ ಮಾಡಿ, ಆಮೇಲೆ ಆ ಕಿರಣಗಳು ಭೂಮಿಯಲ್ಲಿ ಬಿಟ್ಟುಹೋಗುವ ಗುರುತುಗಳತ್ತ ತಿರುಗಿದರು. 1957ರಲ್ಲಿ ಅವರೂ ಸಂಗಡಿಗರೂ ಮಳೆನೀರಿನಲ್ಲಿರುವ ರಂಜಕದ ಎರಡು ಐಸೋಟೋಪುಗಳ ಬಗ್ಗೆ ವರದಿ ಮಾಡಿದರು. ಒಂದು ಬೇಗ ಕ್ಷಯಿಸುತ್ತದೆ, ಇನ್ನೊಂದು ನಿಧಾನ. ಇಂಥ ಜೋಡಿಯನ್ನು ಹೋಲಿಸಿ ನೋಡಿದರೆ ಮೇಲಿನ ಗಾಳಿ ಕೆಳಗಿಳಿಯಲು ಎಷ್ಟು ಕಾಲ ಹಿಡಿಯಿತೆಂದು ಅಂದಾಜು ಮಾಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಪಂಜಿನ ಕತೆ. ಸಿಲಿಕಾನ್-32 ಸಮುದ್ರದಲ್ಲಿ ಇರಲೇಬೇಕು ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಅದು ಎಷ್ಟು ವಿರಳವೆಂದರೆ ಟನ್ನುಗಟ್ಟಲೆ ನೀರನ್ನು ಸೋಸಬೇಕು. ಸೋಸುವವರು ಯಾರು? ಸ್ಪಂಜುಗಳು! ಸಮುದ್ರದ ಕೆಲವು ಜಾತಿಯ ಸ್ಪಂಜುಗಳು ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿಕೊಂಡು ಗಾಜಿನಂಥ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಅವುಗಳಿಂದ ಸಿಲಿಕಾ ತೆಗೆದು ಶುದ್ಧ ಮಾಡಿದ್ದಾಯಿತು. ಆದರೆ ಸಿಲಿಕಾನ್-32 ಹೊರಸೂಸುವ ವಿಕಿರಣ ತೀರಾ ದುರ್ಬಲ. ಅದು ಕ್ಷಯಿಸಿದಾಗ ಹುಟ್ಟುವ ರಂಜಕ-32ರದು ಜೋರು. ಹಾಗಾಗಿ ಹಸುವಿನ ಕೆಚ್ಚಲು ತುಂಬುವವರೆಗೆ ಕಾದು ಹಾಲು ಕರೆದಂತೆ, ಸಿಲಿಕಾದಲ್ಲಿ ರಂಜಕ ಕೂಡುವವರೆಗೆ ಕಾದು, ಅದನ್ನು ಮಾತ್ರ ಬೇರ್ಪಡಿಸಿ ಎಣಿಸಬೇಕು. ಆ ಎಣಿಕೆ 14 ದಿನಕ್ಕೊಮ್ಮೆ ಅರ್ಧವಾಗುತ್ತ ಬಂದರೆ ಸಿಕ್ಕಿದ್ದು ಅದೇ ಎಂದು ಖಾತ್ರಿ. 1960ರಲ್ಲಿ ಲಾಲ್ ಮತ್ತು ಅವರ ಸಹವಿಜ್ಞಾನಿಗಳಾದ ಗೋಲ್ಡ್‌ಬರ್ಗ್, ಕೊಯಿಡೆ ಮೂವರೂ ಪ್ರಕೃತಿಯಲ್ಲಿ ಸಿಲಿಕಾನ್-32 ಇದೆಯೆಂದು ತೋರಿಸಿದರು. ಮುಂದೆ ಲಾಲ್ ತಂಡದವರು ಕಬ್ಬಿಣದ ಹೈಡ್ರಾಕ್ಸೈಡ್ ಹಚ್ಚಿದ ಸ್ಪಂಜನ್ನು, ಆಮೇಲೆ ಕೃತಕ ನಾರನ್ನು ಸಮುದ್ರಕ್ಕೇ ಇಳಿಬಿಟ್ಟು, ನೀರನ್ನು ಹೊತ್ತು ತರುವ ಕಷ್ಟವನ್ನೇ ತಪ್ಪಿಸಿದರು.

1972ರಿಂದ 1983ರವರೆಗೆ ಅವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಕ್ಯಾಲಿಫೋರ್ನಿಯಾದ ಮಕ್ಕಳಿಗಂತೂ ಲಾಲ್ ನೆರೆಮನೆಯವರಿದ್ದ ಹಾಗೆ: ಅಲ್ಲಿನ ಲಾ ಹೋಯಾದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯಲ್ಲೂ ಪ್ರಾಧ್ಯಾಪಕರಾಗಿದ್ದು, 2012ರಲ್ಲಿ ಸ್ಯಾನ್ ಡಿಯಾಗೊದಲ್ಲೇ ತೀರಿಕೊಂಡರು. ಚಂದ್ರನಿಂದ ತಂದ ಕಲ್ಲುಗಳನ್ನೂ ಪರೀಕ್ಷಿಸಿದ್ದರು.

ಭೂಮಿಯ ಕಲ್ಲುಗಳನ್ನೂ ಬಿಡಲಿಲ್ಲ. ವಿಶ್ವಕಿರಣಗಳು ಗಾಳಿಯನ್ನು ದಾಟಿ ಬಂಡೆಗೂ ಬಡಿಯುತ್ತವೆ. ಬಂಡೆಯ ಸ್ಫಟಿಕಶಿಲೆಯೊಳಗೆ ಬೆರಿಲಿಯಂ-10, ಅಲ್ಯೂಮಿನಿಯಂ-26 ನಿಧಾನವಾಗಿ ಕೂಡುತ್ತ ಹೋಗುತ್ತವೆ. ಹಿಮನದಿಯೊಂದು ಬಂಡೆಯ ಮೈಯನ್ನು ಉಜ್ಜಿ ತೆಗೆದರೆ ಹಳೆಯ ಲೆಕ್ಕ ಅಳಿಸಿಹೋಗಿ, ಹಿಮ ಕರಗಿ ಬಂಡೆ ಬಯಲಿಗೆ ಬಂದ ದಿನದಿಂದ ಹೊಸ ಲೆಕ್ಕ ಶುರು. ಲಾಲ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಲ್ಲಿ ಹಿಮನದಿ ನಯಗೊಳಿಸಿದ ಬಂಡೆಗಳಲ್ಲಿ ಇದನ್ನು ಅಳೆದು 1989ರಲ್ಲಿ ಪ್ರಕಟಿಸಿದರು. ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊದಿಕೆ ತೆಳು, ಹಾಗಾಗಿ ಪರಮಾಣುಗಳೂ ಹೆಚ್ಚು ಹುಟ್ಟುತ್ತವೆ. ಯಾವ ಅಕ್ಷಾಂಶದಲ್ಲಿ, ಯಾವ ಎತ್ತರದಲ್ಲಿ ಎಷ್ಟೆಂದು ಲೆಕ್ಕ ಹಾಕುವ ಸೂತ್ರಗಳನ್ನು ಲಾಲ್ 1991ರಲ್ಲಿ ಕೊಟ್ಟರು.

ಪರೀಕ್ಷೆಗೆ ಬಂಡೆಯ ಮೇಲಿನ ಕೆಲವು ಸೆಂಟಿಮೀಟರ್ ಚಕ್ಕೆಯೇ ಬೇಕು. ಆಳಕ್ಕೆ ಹೋದಷ್ಟೂ ಕಿರಣಗಳು ಕುಂದುತ್ತವೆ, ಕೆಲವು ಮೀಟರ್ ಒಳಗಿನ ಕಲ್ಲು ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಸಿಯೆರಾ ನೆವಾಡದ ಯೊಸೆಮಿಟಿಗೆ ಹೋದಾಗ ಹೊಳೆಯುವ ನುಣುಪು ಬಂಡೆ ಕಂಡರೆ ಕೈಯಾಡಿಸಿ ನೋಡಿ. ಚಕ್ಕೆ ಎಬ್ಬಿಸಲು ಮಾತ್ರ ಹೋಗಬೇಡಿ. ಅದಕ್ಕೆ ವಿಜ್ಞಾನಿಗಳೂ ಪರವಾನಗಿ ಪಡೆಯಬೇಕು.